ಒಂದೇ ರೇಡಾರ್, ಹಲವು ಮೋಡ್: ಸಿಗ್ನಲ್ ಪ್ರೊಸೆಸರ್ ಕಟ್ಟುವುದು ಹೇಗೆ?

ಪ್ರಶ್ನೆ: ನಾವು 10 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುವ, 16 ಚಾನೆಲ್‌ಗಳ ಒಂದು ರೇಡಾರ್ ಕಟ್ಟುತ್ತಿದ್ದೇವೆ. ಅದೇ ರೇಡಾರ್ ದೂರದ ಗುರಿಗಳನ್ನು ಹುಡುಕಬೇಕು, ಸಿಕ್ಕ ಗುರಿಯ ಬೆನ್ನು ಹತ್ತಬೇಕು, ಬೇಕೆಂದಾಗ ನೆಲದ ಚಿತ್ರವನ್ನೂ ತೆಗೆಯಬೇಕು. ಎಲ್ಲವನ್ನೂ ಎಫ್‌ಪಿಜಿಎಯಲ್ಲೇ (ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಕಟ್ಟಿಕೊಳ್ಳಬಹುದಾದ ಚಿಪ್) ಮಾಡೋಣ, ಮೋಡ್ ಬದಲಾದಾಗ ಪಾರ್ಶಿಯಲ್ ರೀಕಾನ್ಫಿಗರೇಶನ್ (ಅದರ ಒಂದು ಭಾಗದ ಸರ್ಕ್ಯೂಟನ್ನು ಮಾತ್ರ ಬದಲಿಸುವುದು) ಮಾಡಿದರಾಯಿತು ಎಂದು ತಂಡದಲ್ಲಿ ಅರ್ಧ ಜನ ಹೇಳುತ್ತಾರೆ. ಡೇಟಾವನ್ನು ಹಾಗೆಯೇ ಜಿಪಿಯುಗೆ (ಸಾವಿರಾರು ಲೆಕ್ಕಗಳನ್ನು ಒಟ್ಟಿಗೆ ಮಾಡುವ ಗ್ರಾಫಿಕ್ಸ್ ಪ್ರೊಸೆಸರ್) ಸುರಿದು ಎಲ್ಲ ಸಾಫ್ಟ್‌ವೇರ್‌ನಲ್ಲಿ ಬರೆಯೋಣ ಎನ್ನುವುದು ಉಳಿದವರ ವಾದ. ಯಾವುದು ಸರಿ? ಕೊನೆಗೆ, ಮೋಡ್ ಬದಲಾವಣೆ ಸರಿಯಾಗಿ ಆಗುತ್ತಿದೆ ಎಂದು ಪರೀಕ್ಷಿಸುವುದು ಹೇಗೆ?

ಉತ್ತರ: ಚಿಪ್ ಯಾವುದು ಎಂಬ ಜಗಳಕ್ಕೆ ಈಗಲೇ ಇಳಿಯಬೇಡಿ. ಪ್ರತಿ ಮೋಡ್‌ನಲ್ಲೂ ಎಷ್ಟು ಡೇಟಾ ಎಲ್ಲಿಂದ ಎಲ್ಲಿಗೆ ಹರಿಯಬೇಕು, ಎಷ್ಟು ಹೊತ್ತಿನೊಳಗೆ ಹರಿಯಬೇಕು ಎಂದು ಗುಣಿಸಿ ನೋಡದೆ ಬೋರ್ಡ್ ಆರಿಸುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ನಿಮ್ಮ ಪ್ರಶ್ನೆಯಲ್ಲಿ ಅಂಕಿಗಳಿಲ್ಲ. ಹಾಗಾಗಿ ನಾನೇ ಕೆಲವನ್ನು ಹಿಡಿದುಕೊಂಡು ಲೆಕ್ಕ ಹಾಕುತ್ತೇನೆ. ನಿಮ್ಮವು ಬೇರೆ ಇದ್ದರೆ ಅವನ್ನೇ ಇಟ್ಟು ಇದೇ ದಾರಿಯಲ್ಲಿ ನಡೆಯಿರಿ.

ಹುಡುಕುವ ಮೋಡ್‌ಗೆ ಸೆಕೆಂಡಿಗೆ 1000 ಪಲ್ಸ್ ಇರಲಿ. ಎರಡು ಪಲ್ಸ್‌ಗಳ ನಡುವೆ 1 ಮಿಲಿಸೆಕೆಂಡ್ ಸಿಗುತ್ತದೆ, ಅಷ್ಟರಲ್ಲಿ 150 ಕಿಲೋಮೀಟರ್ ದೂರದವರೆಗಿನ ಪ್ರತಿಧ್ವನಿ ಮುಂದಿನ ಪಲ್ಸ್‌ನದ್ದರ ಜೊತೆ ಬೆರೆಯದೆ ಮರಳುತ್ತದೆ. ಬ್ಯಾಂಡ್‌ವಿಡ್ತ್ 2 ಮೆಗಾಹರ್ಟ್ಸ್ ಸಾಕು, 75 ಮೀಟರ್ ಅಂತರದ ಎರಡು ಗುರಿಗಳು ಬೇರೆ ಬೇರೆಯಾಗಿ ಕಾಣುತ್ತವೆ. ಬೆನ್ನು ಹತ್ತುವ ಮೋಡ್‌ನಲ್ಲಿ ವೇಗವೂ ಮುಖ್ಯ. ಅಲ್ಲಿ ಸೆಕೆಂಡಿಗೆ 10,000 ಪಲ್ಸ್, 10 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್, ಒಂದು ಕಂತಿಗೆ 64 ಪಲ್ಸ್. ರೇಡಾರ್‌ನವರು ಸಿಪಿಐ ಎನ್ನುವುದು ಈ ಕಂತನ್ನೇ: ಅಲೆಯ ಫೇಸ್ ಕೆಡದಂತೆ ಒಟ್ಟಿಗೆ ಸಂಸ್ಕರಿಸುವ ಪಲ್ಸ್‌ಗಳ ಗುಂಪು. 64 ಪಲ್ಸ್‌ಗೆ 6.4 ಮಿಲಿಸೆಕೆಂಡ್ ಹಿಡಿಯುತ್ತದೆ. ಅದರ ಡಾಪ್ಲರ್ (ಗುರಿಯ ಚಲನೆಯಿಂದ ಆವರ್ತನದಲ್ಲಿ ಆಗುವ ಬದಲಾವಣೆ) ಸೂಕ್ಷ್ಮತೆ 156 ಹರ್ಟ್ಸ್, 3 ಸೆಂಟಿಮೀಟರ್ ತರಂಗಾಂತರದಲ್ಲಿ ಸೆಕೆಂಡಿಗೆ ಸುಮಾರು 2.3 ಮೀಟರ್ ವೇಗ. ಚಿತ್ರ ತೆಗೆಯುವ ಮೋಡ್‌ಗೆ 300 ಮೆಗಾಹರ್ಟ್ಸ್ ಬೇಕು, ಆಗ ಅರ್ಧ ಮೀಟರ್‌ನಷ್ಟು ಸೂಕ್ಷ್ಮ ಸಿಗುತ್ತದೆ. ಅಲ್ಲಿ ಸೆಕೆಂಡಿಗೆ 2000 ಪಲ್ಸ್, ಆದರೆ ಪ್ರತಿ ಪಲ್ಸ್‌ನ ನಂತರ ನಮಗೆ ಬೇಕಾದ ನೆಲದ ಪಟ್ಟಿಯ ಪ್ರತಿಧ್ವನಿ ಬರುವ 40 ಮೈಕ್ರೋಸೆಕೆಂಡ್‌ಗಳನ್ನು ಮಾತ್ರ ಕೇಳಿಸಿಕೊಂಡರೆ ಸಾಕು.

ಈಗ ಮುಂಬಾಗಿಲಿನಿಂದ ಶುರುಮಾಡೋಣ. 10 ಗಿಗಾಹರ್ಟ್ಸ್ ಸಿಗ್ನಲ್ಲನ್ನು ಮಿಕ್ಸರ್‌ನಲ್ಲಿ 1 ಗಿಗಾಹರ್ಟ್ಸ್ ಹತ್ತಿರಕ್ಕೆ ಇಳಿಸಿ, ಅಲ್ಲಿ ಎಡಿಸಿಗೆ (ಅನಲಾಗ್ ಸಿಗ್ನಲ್ಲನ್ನು ಅಂಕಿಗಳಾಗಿಸುವ ಸರ್ಕ್ಯೂಟ್) ಕೊಡುತ್ತೀರಿ ಎಂದು ಹಿಡಿಯುತ್ತೇನೆ. ನೇರವಾಗಿ 10 ಗಿಗಾಹರ್ಟ್ಸ್‌ನಲ್ಲೇ ಸ್ಯಾಂಪಲ್ ಮಾಡುವ ಆಸೆ ಯಾರಿಗಾದರೂ ಇದ್ದರೆ ಕ್ಲಾಕ್‌ನ ಅಲುಗಾಟವನ್ನು ಮೊದಲು ನೋಡಲಿ. 100 ಫೆಮ್ಟೊಸೆಕೆಂಡ್ ಜಿಟ್ಟರ್ ಇರುವ ಕ್ಲಾಕ್ 1 ಗಿಗಾಹರ್ಟ್ಸ್ ಸಿಗ್ನಲ್‌ಗೆ 64 ಡೆಸಿಬೆಲ್ ಸಿಗ್ನಲ್-ನಾಯ್ಸ್ ಅನುಪಾತದ ಮಿತಿ ಹಾಕುತ್ತದೆ, ಅಂದರೆ ಸರಿಸುಮಾರು 10 ಬಿಟ್. ಅದೇ ಕ್ಲಾಕ್ 10 ಗಿಗಾಹರ್ಟ್ಸ್‌ನಲ್ಲಿ 44 ಡೆಸಿಬೆಲ್‌ಗೆ ನಿಲ್ಲಿಸಿಬಿಡುತ್ತದೆ, 7 ಬಿಟ್ ಉಳಿದರೆ ಹೆಚ್ಚು. ಎಡಿಸಿಯ ಹೆಸರಿನ ಪಕ್ಕ ಎಷ್ಟು ಬಿಟ್ ಎಂದು ಬರೆದಿದ್ದರೂ ಇದು ಬದಲಾಗದು. ರೇಡಾರ್ ಬೋರ್ಡ್ ಕೊಳ್ಳುವವರು ಪ್ರೊಸೆಸರ್‌ನ ಬಗ್ಗೆ ಗಂಟೆಗಟ್ಟಲೆ ಚರ್ಚಿಸಿ ಕ್ಲಾಕ್ ಚಿಪ್‌ನ ಡೇಟಾಶೀಟನ್ನು ತೆರೆದೂ ನೋಡದಿರುವುದು ನನಗೆ ಇವತ್ತಿಗೂ ಅರ್ಥವಾಗದ ಸಂಗತಿ.

ಎಡಿಸಿ, ಅದರ ಉಲ್ಟಾ ಕೆಲಸ ಮಾಡುವ ಡಿಎಸಿ, ಪ್ರೊಸೆಸರ್, ಎಫ್‌ಪಿಜಿಎ ಎಲ್ಲ ಒಂದೇ ಸಿಲಿಕಾನ್‌ನಲ್ಲಿರುವ ಆರ್‌ಎಫ್‌ಎಸ್‌ಒಸಿ ಚಿಪ್‌ಗಳು ಈಗ ಇಂಥ ಕೆಲಸಕ್ಕೆ ರೂಢಿಯಾಗಿವೆ. ಜೈಲಿಂಕ್ಸ್‌ನ ಮೊದಲ ತಲೆಮಾರಿನ ಜೈಂಕ್ ಅಲ್ಟ್ರಾಸ್ಕೇಲ್ ಪ್ಲಸ್ ಸರಣಿಯಲ್ಲಿ ಸೆಕೆಂಡಿಗೆ ಸುಮಾರು 400 ಕೋಟಿ ಸ್ಯಾಂಪಲ್ ತೆಗೆಯುವ 8 ಎಡಿಸಿಗಳ ಚಿಪ್ ಇದೆ, ಪ್ರತಿಯೊಂದೂ 12 ಬಿಟ್‌ನದು. ಅಂಥ ಎರಡು ಚಿಪ್ ಇಟ್ಟರೆ ನಿಮ್ಮ 16 ಚಾನೆಲ್ ಆಯಿತು. ಗುಣಿಸಿ ನೋಡಿ: 16 ಚಾನೆಲ್, 400 ಕೋಟಿ ಸ್ಯಾಂಪಲ್, 12 ಬಿಟ್. ಸೆಕೆಂಡಿಗೆ 768 ಗಿಗಾಬಿಟ್, ಅಂದರೆ 96 ಗಿಗಾಬೈಟ್. ನಾಲ್ಕನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್‌ನ 16 ಲೇನ್‌ಗಳು ಸೇರಿದರೂ ಒಂದು ದಿಕ್ಕಿಗೆ ಸಾಗಿಸಬಲ್ಲದ್ದು ಸುಮಾರು 32 ಗಿಗಾಬೈಟ್. ಡೇಟಾವನ್ನು ಹಾಗೆಯೇ ಜಿಪಿಯುಗೆ ಸುರಿಯುವ ಯೋಜನೆ ಇಲ್ಲಿಗೇ ನಿಂತಿತು. ಜಿಪಿಯು ನಿಧಾನ ಎಂದಲ್ಲ, ಅಲ್ಲಿಯವರೆಗಿನ ದಾರಿ ಕಿರಿದು. ಆ 96 ಗಿಗಾಬೈಟ್‌ನಲ್ಲಿ ನಮಗೆ ಬೇಡದ್ದೇ ಬಹುಪಾಲು. 2 ಗಿಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿ ನಮಗೆ ಬೇಕಾದದ್ದು 2, 10 ಅಥವಾ 300 ಮೆಗಾಹರ್ಟ್ಸ್.

ಹಾಗಾಗಿ ಮೊದಲ ಹಂತ ಡಿಜಿಟಲ್ ಡೌನ್‌ಕನ್ವರ್ಶನ್. ಒಂದು ಎನ್‌ಸಿಒ (ಬೇಕಾದ ಆವರ್ತನದ ಅಲೆ ಹುಟ್ಟಿಸುವ ಡಿಜಿಟಲ್ ಆಸಿಲೇಟರ್) ಸಿಗ್ನಲ್ಲನ್ನು ಸೊನ್ನೆ ಆವರ್ತನಕ್ಕೆ ಇಳಿಸುತ್ತದೆ, ಆಮೇಲೆ ಫಿಲ್ಟರ್ ಮಾಡಿ ಸ್ಯಾಂಪಲ್‌ಗಳನ್ನು ಕಡಿಮೆ ಮಾಡುತ್ತೇವೆ. ಆರ್‌ಎಫ್‌ಎಸ್‌ಒಸಿಯೊಳಗಿನ ಸಿದ್ಧ ಡೌನ್‌ಕನ್ವರ್ಟರ್ 8ರಿಂದ ಭಾಗಿಸಿ ಕೊಡಬಲ್ಲದು. ಸೆಕೆಂಡಿಗೆ 50 ಕೋಟಿ ಐ-ಕ್ಯೂ (ಎರಡು ಅಂಕಿಗಳ ಜೋಡಿ, ಅಂದರೆ ಸಂಕೀರ್ಣ ಸಂಖ್ಯೆ) ಸ್ಯಾಂಪಲ್ ಹೊರಬರುತ್ತದೆ. ಇದನ್ನು ಮೂರೂ ಮೋಡ್‌ಗಳ ಕಾಂಡ ಎಂದು ಇಟ್ಟುಕೊಳ್ಳಿ. ಚಿತ್ರದ ಮೋಡ್ ಇಲ್ಲಿಂದಲೇ ಕವಲೊಡೆಯುತ್ತದೆ. ಉಳಿದೆರಡು ಇನ್ನೂ ಕೆಳಗಿಳಿಯಬೇಕು: ಬೆನ್ನು ಹತ್ತುವುದಕ್ಕೆ ಮತ್ತೆ 40ರಿಂದ ಭಾಗಿಸಿ 1.25 ಕೋಟಿ, ಹುಡುಕುವುದಕ್ಕೆ 200ರಿಂದ ಭಾಗಿಸಿ 25 ಲಕ್ಷ ಸ್ಯಾಂಪಲ್. ಎಫ್‌ಪಿಜಿಎ ತಿರುಳನ್ನು 250 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರೆ ಕಾಂಡದಲ್ಲಿ ಒಂದು ಕ್ಲಾಕ್‌ಗೆ ಎರಡು ಸ್ಯಾಂಪಲ್ ಬರುತ್ತವೆ. ಒಂದು ಹಾಫ್‌ಬ್ಯಾಂಡ್ ಫಿಲ್ಟರ್ 2ರಿಂದ ಭಾಗಿಸಿದ ಮೇಲೆ ಕ್ಲಾಕ್‌ಗೆ ಒಂದೇ ಸ್ಯಾಂಪಲ್ ಆಗುತ್ತದೆ. ಅಲ್ಲಿ ಸಿಐಸಿ ಫಿಲ್ಟರ್ 10 ಅಥವಾ 50ರಿಂದ ಭಾಗಿಸಲಿ, ಕೊನೆಗೆ ಸಿಐಸಿಯ ಇಳಿಜಾರನ್ನು ಸರಿದೂಗಿಸುವ ಎಫ್‌ಐಆರ್ (ಸ್ಯಾಂಪಲ್‌ಗಳನ್ನು ಗುಣಾಂಕಗಳಿಂದ ಗುಣಿಸಿ ಕೂಡಿಸುವ ಫಿಲ್ಟರ್) ಮತ್ತೆ 2ರಿಂದ.

ಸಿಐಸಿಯನ್ನು ಯೂಜೀನ್ ಹೋಗೆನಾವರ್ 1981ರಲ್ಲಿ ಪ್ರಕಟಿಸಿದರು. ಗುಣಕಗಳೇ ಇಲ್ಲದ, ಬರೀ ಕೂಡು-ಕಳೆಯುವ ಈ ಫಿಲ್ಟರ್ ಇಂದಿಗೂ ಬಹಳಷ್ಟು ಡಿಜಿಟಲ್ ರಿಸೀವರ್‌ಗಳಲ್ಲಿ ಇದೆ. ಆದರೆ ರೂಪ ಬದಲಿಸುವ ರೇಡಾರ್‌ನಲ್ಲಿ ಇದೇ ಮೊದಲು ಕಾಟ ಕೊಡುವುದು. ಐದು ಹಂತಗಳ ಸಿಐಸಿ 10ರಿಂದ ಭಾಗಿಸುವಾಗ ಪದದ ಉದ್ದ 16.6 ಬಿಟ್ ಬೆಳೆಯುತ್ತದೆ, 50ರಿಂದ ಭಾಗಿಸುವಾಗ 28.2 ಬಿಟ್. ಭಾಗಿಸುವ ಸಂಖ್ಯೆಯನ್ನು ರಿಜಿಸ್ಟರ್‌ನಿಂದ ಬದಲಿಸಿ, ಹೊರಬರುವ ಬಿಟ್‌ಗಳನ್ನು ಎಲ್ಲಿ ಕತ್ತರಿಸಬೇಕು ಎಂಬುದನ್ನು ಹಾಗೆಯೇ ಬಿಟ್ಟರೆ, ಒಂದು ಮೋಡ್‌ನಲ್ಲಿ ಸಿಗ್ನಲ್ ತುಂಬಿ ಮುರಿಯುತ್ತದೆ, ಇನ್ನೊಂದರಲ್ಲಿ ನಾಯ್ಸ್ ಸಮೇತ ಮಾಯವಾಗುತ್ತದೆ. ಗಳಿಕೆ ಎರಡರ ಘಾತವೂ ಅಲ್ಲ. ಹಾಗಾಗಿ ಬರೀ ಶಿಫ್ಟ್ ಮಾಡಿದರೆ ಮೋಡ್‌ನಿಂದ ಮೋಡ್‌ಗೆ ಡೆಸಿಬೆಲ್‌ನ ವ್ಯತ್ಯಾಸ ಉಳಿಯುತ್ತದೆ, ಒಂದು ಸಣ್ಣ ಗುಣಾಕಾರದಿಂದ ಅದನ್ನು ತಿದ್ದಬೇಕು. ಗುರಿಯ ಪ್ರತಿಫಲನ ಎಷ್ಟು ಎಂದು ಅಳೆಯುವ ಆಸೆ ಇದ್ದರಂತೂ ಇದನ್ನು ಮರೆಯುವ ಹಾಗಿಲ್ಲ.

ಬಿಟ್ ಬೆಳೆಯುವ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹುಡುಕುವ ಮೋಡ್‌ನಲ್ಲಿ 50 ಮೈಕ್ರೋಸೆಕೆಂಡ್‌ನ ಪಲ್ಸ್ ಎಂದು ಹಿಡಿದರೆ ಪಲ್ಸ್ ಕಂಪ್ರೆಶನ್‌ನಿಂದ (ಉದ್ದ ಪಲ್ಸ್‌ನ ಪ್ರತಿಧ್ವನಿಯನ್ನು ಲೆಕ್ಕದಿಂದ ಕಿರಿದಾಗಿಸುವುದು) 20 ಡೆಸಿಬೆಲ್ ಗಳಿಕೆ ಬರುತ್ತದೆ, ಕಂತಿನಲ್ಲಿ 16 ಪಲ್ಸ್ ಇದ್ದರೆ ಇನ್ನೂ 12, ಸ್ಯಾಂಪಲ್ ಇಳಿಸುವುದರಿಂದ 30. ಚಿತ್ರದ ಮೋಡ್‌ನಲ್ಲಿ 20 ಮೈಕ್ರೋಸೆಕೆಂಡ್ ಪಲ್ಸ್‌ಗೆ ಕಂಪ್ರೆಶನ್ 38 ಡೆಸಿಬೆಲ್ ಕೊಡುತ್ತದೆ, ಸ್ಯಾಂಪಲ್ ಇಳಿಸುವುದರಿಂದ ಬರೀ 8, ಸಾವಿರಾರು ಪಲ್ಸ್ ಕೂಡಿಸುವುದರಿಂದ 36. ಒಟ್ಟು ಮೊತ್ತವೇ ಬೇರೆ, ಒಂದರಲ್ಲಿ 62 ಡೆಸಿಬೆಲ್, ಇನ್ನೊಂದರಲ್ಲಿ 82. ಗಳಿಕೆ ಎಲ್ಲಿ ಬರುತ್ತದೆ ಎಂಬುದಂತೂ ಪೂರಾ ಬೇರೆ. ಸ್ಯಾಂಪಲ್ ಇಳಿಸುವಾಗ ನಾಯ್ಸ್ ಕುಗ್ಗುತ್ತದೆ, ಬಿಟ್‌ಗಳು ಕೆಳಗಡೆಗೆ ಬೇಕು. ಕಂಪ್ರೆಶನ್ ಮತ್ತು ಡಾಪ್ಲರ್‌ನಲ್ಲಿ ಸಿಗ್ನಲ್ ಉಬ್ಬುತ್ತದೆ, ಬಿಟ್‌ಗಳು ಮೇಲ್ಗಡೆಗೆ ಬೇಕು. ಒಂದು ಮೋಡ್‌ಗೆ ಅಳೆದು ಹೊಂದಿಸಿದ ಸ್ಕೇಲಿಂಗ್ ಇನ್ನೊಂದಕ್ಕೆ ಹೊಂದುವುದೇ ಇಲ್ಲ. ಪ್ರತಿ ಹಂತದ ಸ್ಕೇಲಿಂಗನ್ನೂ ಮೋಡ್‌ನ ಜೊತೆ ಬದಲಾಗುವ ಮೌಲ್ಯವಾಗಿ ಇಡಿ, ಇಲ್ಲವೇ ಎಫ್‌ಎಫ್‌ಟಿಯನ್ನು (ಸಿಗ್ನಲ್ಲನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಬ್ಲಾಕ್ ಫ್ಲೋಟಿಂಗ್ ಪಾಯಿಂಟ್‌ನಲ್ಲಿ (ಇಡೀ ಗುಂಪಿಗೆ ಒಂದೇ ಘಾತಾಂಕ) ಮಾಡಿ ಘಾತಾಂಕವನ್ನು ಡೇಟಾದ ಜೊತೆಯಲ್ಲೇ ಮುಂದಕ್ಕೆ ಕಳಿಸಿ. ಅಲ್ಟ್ರಾಸ್ಕೇಲ್ ಪ್ಲಸ್‌ನ ಗುಣಕ 27 ಬಿಟ್‌ಗೆ 18 ಬಿಟ್ ಗುಣಿಸುತ್ತದೆ. ಡೇಟಾಕ್ಕೆ 24 ಬಿಟ್, ಗುಣಾಂಕಕ್ಕೆ 18 ಬಿಟ್ ಎಂದು ಹಂಚಿದರೆ ಮೂರೂ ಮೋಡ್‌ಗಳಿಗೆ ಉಸಿರಾಡಲು ಜಾಗ ಸಿಗುತ್ತದೆ.

ಈಗ ಲೆಕ್ಕದ ಹೊರೆ. ನಿಮ್ಮ ತಂಡ ಬಹುಶಃ ಇದನ್ನೇ ದೊಡ್ಡ ತಲೆನೋವು ಎಂದುಕೊಂಡಿದೆ. ಬೆನ್ನು ಹತ್ತುವ ಮೋಡ್‌ನಲ್ಲಿ ಒಂದು ಪಲ್ಸ್‌ಗೆ 1250 ಸ್ಯಾಂಪಲ್. ಪಲ್ಸ್ ಕಂಪ್ರೆಶನ್‌ಗೆ 2048 ಅಂಕಗಳ ಎಫ್‌ಎಫ್‌ಟಿ, ಗುಣಾಕಾರ, ಮತ್ತೆ ತಿರುಗಿ ಎಫ್‌ಎಫ್‌ಟಿ. ಒಟ್ಟು ಸುಮಾರು 2.4 ಲಕ್ಷ ಗಣಿತಕ್ರಿಯೆಗಳು, ಸೆಕೆಂಡಿಗೆ 10,000 ಸಲ. ಒಂದು ಚಾನೆಲ್‌ಗೆ 2.4 ಗಿಗಾಫ್ಲಾಪ್ಸ್, ಹದಿನಾರಕ್ಕೂ ಸೇರಿ 38. ಹುಡುಕುವ ಮೋಡ್‌ಗೆ ಎಲ್ಲ ಚಾನೆಲ್ ಸೇರಿ 8 ಗಿಗಾಫ್ಲಾಪ್ಸ್ ಆಸುಪಾಸು. ಅಷ್ಟು ದೊಡ್ಡ ಬ್ಯಾಂಡ್‌ವಿಡ್ತ್‌ನ ಚಿತ್ರದ ಮೋಡ್? 40 ಮೈಕ್ರೋಸೆಕೆಂಡ್‌ನಲ್ಲಿ 20,000 ಸ್ಯಾಂಪಲ್, 32,768 ಅಂಕಗಳ ಎಫ್‌ಎಫ್‌ಟಿ, ಸೆಕೆಂಡಿಗೆ 2000 ಸಲ. ಕೂಡಿಸಿದ ಒಂದೇ ಬೀಮ್ ಸಾಕಾದ್ದರಿಂದ 10 ಗಿಗಾಫ್ಲಾಪ್ಸ್. ನಾನು ಮೇಲೆ ಹೇಳಿದ ಸರಣಿಯ ಒಂದು ಚಿಪ್‌ನಲ್ಲಿ 4272 ಗುಣಕಗಳಿವೆ. 250 ಮೆಗಾಹರ್ಟ್ಸ್‌ನಲ್ಲೇ ಅವು ಸೆಕೆಂಡಿಗೆ ಒಂದು ಲಕ್ಷ ಕೋಟಿ ಸಲ ಗುಣಿಸಿ ಕೂಡಿಸಬಲ್ಲವು. ಲೆಕ್ಕ ಮಾಡುವ ಶಕ್ತಿಗೆ ಬರವಿಲ್ಲ. ಮಾರುವವರು ತೋರಿಸುವ ಟೆರಾಫ್ಲಾಪ್ಸ್ ಪಟ್ಟಿಯನ್ನು ನೋಡಿ ಚಿಪ್ ಆರಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಒಂದು ಎಚ್ಚರಿಕೆ: ಇದು ಎಫ್‌ಎಫ್‌ಟಿ ಬಳಸಿದಾಗಿನ ಲೆಕ್ಕ. ಅದೇ ಕಂಪ್ರೆಶನನ್ನು ನೇರ ಎಫ್‌ಐಆರ್ ಆಗಿ ಬರೆದರೆ 300 ಮೆಗಾಹರ್ಟ್ಸ್ ಮೋಡ್‌ನ 20 ಮೈಕ್ರೋಸೆಕೆಂಡ್ ಪಲ್ಸ್‌ಗೆ 10,000 ಟ್ಯಾಪ್ (ಅಂದರೆ ಅಷ್ಟು ಗುಣಾಂಕಗಳು) ಬೇಕಾಗುತ್ತದೆ, ಆಗ ಮೇಲಿನ ಮಾತೆಲ್ಲ ಸುಳ್ಳಾಗುತ್ತದೆ. ಪಲ್ಸ್ ಎಲ್‌ಎಫ್‌ಎಂ (ಆವರ್ತನ ಒಂದೇ ಸಮನೆ ಏರುವ ಅಥವಾ ಇಳಿಯುವ ಚರ್ಪ್) ಆಗಿದ್ದು ನೆಲದ ಪಟ್ಟಿ ಕಿರಿದಾಗಿದ್ದರೆ, ಪ್ರತಿಧ್ವನಿಯನ್ನು ಅನಲಾಗ್ ಭಾಗದಲ್ಲೇ ಅದೇ ಚರ್ಪ್‌ನಿಂದ ಗುಣಿಸಿ ಬ್ಯಾಂಡ್‌ವಿಡ್ತ್ ಇಳಿಸುವ ಹಳೆಯ ಡೀರ್ಯಾಂಪ್ ವಿಧಾನವೂ ಇದೆ. ಆದರೆ ಅದು ಅಲೆಯ ಆಕಾರಕ್ಕೆ ನಿಮ್ಮನ್ನು ಕಟ್ಟಿಹಾಕುತ್ತದೆ. ರೂಪ ಬದಲಿಸಬೇಕಾದ ರೇಡಾರ್‌ಗೆ ನಾನು ಅದನ್ನು ಸೂಚಿಸುವುದಿಲ್ಲ.

ಹಾಗಾದರೆ ಕಷ್ಟ ಎಲ್ಲಿದೆ? ಮೆಮೊರಿಯಲ್ಲಿ. ಅದರಲ್ಲೂ ಕಾರ್ನರ್ ಟರ್ನ್‌ನಲ್ಲಿ. ಪಲ್ಸ್ ಕಂಪ್ರೆಶನ್ ಒಂದು ಪಲ್ಸ್‌ನ ಉದ್ದಕ್ಕೂ ಓಡುತ್ತದೆ, ದೂರದ ದಿಕ್ಕಿನಲ್ಲಿ. ಡಾಪ್ಲರ್ ಎಫ್‌ಎಫ್‌ಟಿಗೆ ಒಂದೇ ದೂರದಲ್ಲಿ ಎಲ್ಲ 64 ಪಲ್ಸ್‌ಗಳ ಸ್ಯಾಂಪಲ್ ಬೇಕು, ಅಡ್ಡ ದಿಕ್ಕಿನಲ್ಲಿ. ಸಾಲಾಗಿ ಬರೆದದ್ದನ್ನು ಕಂಬಸಾಲಾಗಿ ಓದಬೇಕು. ಡಿಡಿಆರ್ ಮೆಮೊರಿಗೆ ಇದು ಆಗಿಬರುವುದಿಲ್ಲ. 64 ಬಿಟ್ ಅಗಲದ ಡಿಡಿಆರ್4-3200 ಸೆಕೆಂಡಿಗೆ 25.6 ಗಿಗಾಬೈಟ್ ಕೊಡುತ್ತದೆ ಎಂದು ಡೇಟಾಶೀಟ್ ಹೇಳುತ್ತದೆ. ಆದರೆ ಅದು ಒಂದು ಸಲಕ್ಕೆ 64 ಬೈಟ್‌ನ ಬರ್ಸ್ಟ್ ಆಗಿ ಕೊಡುತ್ತದೆ. ನಿಮಗೆ ಬೇಕಾದದ್ದು ಅದರಲ್ಲಿ 4 ಬೈಟ್‌ನ ಒಂದು ಸ್ಯಾಂಪಲ್ ಆದರೆ ಹದಿನಾರರಲ್ಲಿ ಹದಿನೈದು ಪಾಲು ವ್ಯರ್ಥ. ಮೇಲಿಂದ ಪ್ರತಿ ಸಲವೂ ಹೊಸ ಸಾಲನ್ನು ತೆರೆದು ಮುಚ್ಚುವ ಕಾಯುವಿಕೆ ಬೇರೆ.

ಇದಕ್ಕೆ ಮದ್ದು ಮೋಡ್‌ಗೆ ತಕ್ಕಂತೆ ಬೇರೆ. ಬೆನ್ನು ಹತ್ತುವ ಮೋಡ್‌ನಲ್ಲಿ 64 ಪಲ್ಸ್, 1250 ಸ್ಯಾಂಪಲ್, 4 ಬೈಟ್: ಒಂದು ಚಾನೆಲ್‌ಗೆ 320 ಕಿಲೋಬೈಟ್, ಹದಿನಾರಕ್ಕೆ 5.1 ಮೆಗಾಬೈಟ್. ಬರೆಯುವುದಕ್ಕೊಂದು ಓದುವುದಕ್ಕೊಂದು ಎಂದು ಎರಡು ಪ್ರತಿ ಇಟ್ಟರೆ 10 ಮೆಗಾಬೈಟ್ ದಾಟುತ್ತದೆ. ಒಂದು ಚಿಪ್‌ನೊಳಗಿನ ಬ್ಲಾಕ್ ರ‍್ಯಾಮ್ ಮತ್ತು ಅಲ್ಟ್ರಾ ರ‍್ಯಾಮ್ ಸೇರಿ ಏಳೂವರೆ ಮೆಗಾಬೈಟ್ ಆಸುಪಾಸು, ಅದರಲ್ಲಿ ಎಫ್‌ಎಫ್‌ಟಿ, ಫಿಲ್ಟರ್‌ಗಳಿಗೂ ಪಾಲಿದೆ. ಮೊದಲೇ ಬೀಮ್‌ಫಾರ್ಮಿಂಗ್ (ಚಾನೆಲ್‌ಗಳನ್ನು ತೂಕ ಹಾಕಿ ಕೂಡಿಸಿ ಒಂದು ದಿಕ್ಕಿಗೆ ಕಿವಿಗೊಡುವುದು) ಮಾಡಿ 16 ಚಾನೆಲ್‌ಗಳನ್ನು 4 ಬೀಮ್‌ಗಳಿಗೆ ಇಳಿಸಿದರೆ ಎರಡು ಪ್ರತಿಗೂ 2.6 ಮೆಗಾಬೈಟ್ ಸಾಕು, ಎಲ್ಲ ಚಿಪ್‌ನೊಳಗೇ ಮುಗಿಯುತ್ತದೆ. ಕಂಪ್ರೆಶನ್ ಹೊರೆಯೂ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಬೀಮ್‌ಫಾರ್ಮಿಂಗ್ ಮೊದಲು, ಕಂಪ್ರೆಶನ್ ಆಮೇಲೆ: ಎರಡೂ ರೇಖೀಯ ಕ್ರಿಯೆಗಳಾದ್ದರಿಂದ ಅದಲುಬದಲು ಮಾಡಿದರೆ ತಪ್ಪಿಲ್ಲ, ಚಾನೆಲ್‌ಗಳ ನಡುವಿನ ವ್ಯತ್ಯಾಸವನ್ನು ಮೊದಲೇ ತಿದ್ದಿದ್ದರೆ ಸರಿ. ಚಿತ್ರದ ಮೋಡ್‌ನಲ್ಲಿ 4096 ಪಲ್ಸ್, ತಲಾ 20,000 ಸ್ಯಾಂಪಲ್, ಸುಮಾರು 330 ಮೆಗಾಬೈಟ್. ಅದು ಹೊರಗಿನ ಮೆಮೊರಿಗೇ ಹೋಗಬೇಕು. ಅಲ್ಲಿ ಸ್ಯಾಂಪಲ್‌ಗಳನ್ನು ಒಂದೊಂದಾಗಿ ಬರೆಯದೆ, ಚಿಪ್‌ನೊಳಗೆ ನಾಲ್ಕಾರು ಪಲ್ಸ್ ಕೂಡಿಟ್ಟುಕೊಂಡು ಚೌಕ ತುಂಡುಗಳಾಗಿ ಬರೆದರೆ ಓದುವಾಗಲೂ ಬರೆಯುವಾಗಲೂ ಬರ್ಸ್ಟ್ ತುಂಬಿರುತ್ತದೆ.

ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. 300 ಮೆಗಾಹರ್ಟ್ಸ್‌ನ ಮೋಡ್ ಆ 40 ಮೈಕ್ರೋಸೆಕೆಂಡ್‌ನಲ್ಲಿ ಸೆಕೆಂಡಿಗೆ 2 ಗಿಗಾಬೈಟ್ ವೇಗದಲ್ಲಿ ಉಗುಳುತ್ತದೆ, ಆದರೆ ಮುಂದಿನ 460 ಮೈಕ್ರೋಸೆಕೆಂಡ್ ಸುಮ್ಮನಿರುತ್ತದೆ. ಸರಾಸರಿ ಸೆಕೆಂಡಿಗೆ 160 ಮೆಗಾಬೈಟ್ ಅಷ್ಟೆ. 10 ಮೆಗಾಹರ್ಟ್ಸ್‌ನ ಸಾಧು ಮೋಡ್ 16 ಚಾನೆಲ್‌ಗಳಿಂದ ಸದಾ 800 ಮೆಗಾಬೈಟ್ ಕೊಡುತ್ತಲೇ ಇರುತ್ತದೆ. ಎಡಿಸಿಯ ಹತ್ತಿರ ದೊಡ್ಡ ಬ್ಯಾಂಡ್‌ವಿಡ್ತ್ ಭಾರ, ಹಿಂದಿನ ಮನೆಯಲ್ಲಿ ಸಣ್ಣ ಬ್ಯಾಂಡ್‌ವಿಡ್ತೇ ಭಾರ. ಒಂದೇ ಕೆಟ್ಟ ಸ್ಥಿತಿಯನ್ನು ಹಿಡಿದು ಇಡೀ ಸರಪಳಿಯನ್ನು ಅಳೆದರೆ ಅರ್ಧ ಹಾರ್ಡ್‌ವೇರ್ ಯಾವ ಮೋಡ್‌ನಲ್ಲೂ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಪಾರ್ಶಿಯಲ್ ರೀಕಾನ್ಫಿಗರೇಶನ್. ಎಫ್‌ಪಿಜಿಎಯ ಒಂದು ಭಾಗ ಓಡುತ್ತಿರುವಾಗಲೇ ಇನ್ನೊಂದು ಭಾಗದ ಸರ್ಕ್ಯೂಟನ್ನು ಬದಲಿಸುವ ಈ ಸೌಲಭ್ಯ ಕೇಳಲು ಚೆಂದ. ಅದರ ಬೆಲೆ ಕಾಲ. ಜೈಲಿಂಕ್ಸ್‌ನ 7 ಸರಣಿಯಲ್ಲಿ ಒಳಗಿನ ಕಾನ್ಫಿಗರೇಶನ್ ದ್ವಾರ 32 ಬಿಟ್ ಅಗಲ, 100 ಮೆಗಾಹರ್ಟ್ಸ್ ವೇಗ. ಸೆಕೆಂಡಿಗೆ 400 ಮೆಗಾಬೈಟ್. 4 ಮೆಗಾಬೈಟ್‌ನ ಬಿಟ್‌ಸ್ಟ್ರೀಮ್ ತುಂಬಲು 10 ಮಿಲಿಸೆಕೆಂಡ್. ನಿಮ್ಮ ಇಡೀ ಕಂತು 6.4 ಮಿಲಿಸೆಕೆಂಡ್! ಬದಲಾವಣೆಗೆಂದು 100 ಪಲ್ಸ್ ಕುರುಡಾಗುತ್ತೀರಿ. ಹುಡುಕುತ್ತ, ನಡುನಡುವೆ ಹತ್ತು ಗುರಿಗಳ ಬೆನ್ನು ಹತ್ತಬೇಕಾದ ರೇಡಾರ್ ಸೆಕೆಂಡಿಗೆ ಹಲವಾರು ಸಲ ಮೋಡ್ ಬದಲಿಸುತ್ತದೆ. ಪ್ರತಿ ಸಲವೂ ಈ ತೆರಿಗೆ ಕಟ್ಟಲಾಗದು. ಇದಲ್ಲದೆ ಬದಲಾಗುವ ಜಾಗವನ್ನು ಅಲ್ಲಿ ಬರಬಹುದಾದ ಅತಿ ದೊಡ್ಡ ಸರ್ಕ್ಯೂಟಿನ ಅಳತೆಗೆ ಕಾದಿಡಬೇಕು, ಪ್ರತಿ ರೂಪಕ್ಕೂ ಟೈಮಿಂಗ್ ಬೇರೆಯಾಗಿ ಮುಚ್ಚಬೇಕು, ಬದಲಾಗುವ ಹೊತ್ತಿನಲ್ಲಿ ಅದರ ಹೊರಗಣ ತಂತಿಗಳು ಕಸ ಉಗುಳದಂತೆ ತಡೆಯಬೇಕು. ಕಾದಿಟ್ಟ ಜಾಗ ಅಷ್ಟೇ ಇರುವಾಗ ಉಳಿತಾಯವಾದದ್ದೇನು ಎಂದು ಕೊನೆಗೆ ಕೇಳಿಕೊಳ್ಳಬೇಕಾಗುತ್ತದೆ.

ನಾನು ಸೂಚಿಸುವುದು ಇಷ್ಟು: ಅಸ್ಥಿಪಂಜರ ಒಂದೇ ಇರಲಿ, ಬದಲಾಗುವುದು ಅಂಕಿಗಳು ಮಾತ್ರ. ನಿಮ್ಮ ಮೂರೂ ಮೋಡ್‌ಗಳಲ್ಲಿ ಕೆಲಸದ ಸರಣಿ ಒಂದೇ. ಡೌನ್‌ಕನ್ವರ್ಶನ್, ಚಾನೆಲ್ ತಿದ್ದುಪಡಿ, ಬೀಮ್‌ಫಾರ್ಮಿಂಗ್, ಕಂಪ್ರೆಶನ್, ಕಾರ್ನರ್ ಟರ್ನ್, ಎರಡನೇ ಎಫ್‌ಎಫ್‌ಟಿ. ವ್ಯತ್ಯಾಸ ಇರುವುದು ಭಾಗಿಸುವ ಸಂಖ್ಯೆ, ಎಫ್‌ಎಫ್‌ಟಿಯ ಉದ್ದ, ಗುಣಾಂಕಗಳು, ಸ್ಕೇಲಿಂಗ್ ಇವುಗಳಲ್ಲಿ. ಉದ್ದವನ್ನು ಓಡುತ್ತಿರುವಾಗಲೇ ಬದಲಿಸಬಲ್ಲ ಎಫ್‌ಎಫ್‌ಟಿ ಕೋರ್‌ಗಳು ತಯಾರಕರ ಲೈಬ್ರರಿಯಲ್ಲೇ ಇವೆ. ಕಂಪ್ರೆಶನ್ ಮಾಡುವ 2048 ಅಂಕಗಳ ಮ್ಯಾಚ್ಡ್ ಫಿಲ್ಟರ್, ಗುಣಾಂಕಕ್ಕೆ 4 ಬೈಟ್‌ನಂತೆ 8 ಕಿಲೋಬೈಟ್. 32 ಬಗೆಯ ಅಲೆಗಳನ್ನು ಒಟ್ಟಿಗೆ ಇಟ್ಟರೂ 256 ಕಿಲೋಬೈಟ್. ಅವನ್ನು ಮೊದಲೇ ತುಂಬಿಟ್ಟು ಕ್ರಮಸಂಖ್ಯೆಯಿಂದ ಆರಿಸಿದರೆ ಬದಲಾವಣೆಗೆ ಒಂದು ಕ್ಲಾಕ್ ಸಾಕು. ನಾಲ್ಕು ಬೀಮ್‌ಗಳ ತೂಕಗಳೆಂದರೆ 64 ಸಂಕೀರ್ಣ ಸಂಖ್ಯೆಗಳು, ಅವನ್ನಂತೂ ಪಲ್ಸ್‌ನಿಂದ ಪಲ್ಸ್‌ಗೆ ಹೊಸದಾಗಿ ಕಳಿಸಬಹುದು. ಪಾರ್ಶಿಯಲ್ ರೀಕಾನ್ಫಿಗರೇಶನ್ ಬೇಕಾಗುವುದು ಕೆಲಸದ ಸರಣಿಯೇ ಬದಲಾದಾಗ, ಉದಾಹರಣೆಗೆ ಅದೇ ಆಂಟೆನಾ ರೇಡಾರ್ ಆಗುವುದನ್ನು ಬಿಟ್ಟು ಸಂವಹನದ ರಿಸೀವರ್ ಆಗಬೇಕೆಂದಾಗ. ಅಂಥ ಬದಲಾವಣೆ ದಿನಕ್ಕೆ ಕೆಲವು ಸಲ ನಡೆಯುತ್ತದೆ, 10 ಮಿಲಿಸೆಕೆಂಡ್‌ಗೆ ಅಲ್ಲಿ ಬೆಲೆಯಿಲ್ಲ.

ಅಂಕಿಗಳನ್ನು ಬದಲಿಸುವುದರಲ್ಲೂ ಒಂದು ಉರುಳು ಇದೆ, ತಂಡಗಳು ಸಿಕ್ಕಿಬೀಳುವುದು ಇಲ್ಲಿಯೇ. ಸರಪಳಿ ಉದ್ದವಾಗಿದೆ. ಡೌನ್‌ಕನ್ವರ್ಟರ್ ಹೊಸ ಮೋಡ್‌ನ ಮೊದಲ ಪಲ್ಸನ್ನು ನೋಡುತ್ತಿರುವಾಗ ಡಾಪ್ಲರ್ ಹಂತ ಹಿಂದಿನ ಮೋಡ್‌ನ ಕಂತನ್ನು ಇನ್ನೂ ಅರಗಿಸಿಕೊಳ್ಳುತ್ತಿರುತ್ತದೆ. ಪ್ರೊಸೆಸರ್‌ನಿಂದ ಎಲ್ಲ ರಿಜಿಸ್ಟರ್‌ಗಳನ್ನು ಒಂದೇ ಹೊತ್ತಿಗೆ ಬದಲಿಸಿದರೆ ಹಳೆಯ ಡೇಟಾಗೆ ಹೊಸ ಗುಣಾಂಕ ತಗಲುತ್ತದೆ. ತಪ್ಪು ಗುರಿ ಕಾಣುತ್ತದೆ, ಅದೂ ಮೋಡ್ ಬದಲಾದ ಕ್ಷಣದಲ್ಲಿ ಮಾತ್ರ, ಅದೂ ಆಗೊಮ್ಮೆ ಈಗೊಮ್ಮೆ. ಹುಡುಕಿ ಹಿಡಿಯುವುದು ಬಲು ಕಷ್ಟ. ಪರಿಹಾರ: ಸೂಚನೆ ಡೇಟಾದ ಜೊತೆಯಲ್ಲೇ ಹರಿಯಲಿ. ಪ್ರತಿ ಪಲ್ಸ್‌ನ ಡೇಟಾ ಪ್ಯಾಕೆಟ್‌ನ ತಲೆಯಲ್ಲಿ ಕಾಲದ ಮುದ್ರೆ, ಕಂತಿನ ಕ್ರಮಸಂಖ್ಯೆ, ಪಲ್ಸ್‌ನ ಕ್ರಮಸಂಖ್ಯೆ, ಮೋಡ್‌ನ ಗುರುತು ಇರಲಿ. ಪ್ರತಿ ಹಂತವೂ ಆ ತಲೆಬರಹ ಓದಿ ತನ್ನ ಕೋಷ್ಟಕದಿಂದ ತನಗೆ ಬೇಕಾದ ಮೌಲ್ಯಗಳನ್ನು ಆರಿಸಿಕೊಳ್ಳಲಿ. ಆಗ ಯಾವ ಹಂತ ಎಷ್ಟು ಹಿಂದಿದೆ ಎಂದು ಯಾರೂ ಲೆಕ್ಕ ಇಡಬೇಕಾಗಿಲ್ಲ. ವೀಟಾ 49.2 ಎಂಬ ಪ್ಯಾಕೆಟ್ ಮಾನದಂಡ ಇದಕ್ಕೆ ಒಂದು ಸಿದ್ಧ ರೂಪ ಕೊಡುತ್ತದೆ. ಬೇರೆ ತಯಾರಕರ ಬೋರ್ಡ್ ಸೇರಿಸುವ ಯೋಚನೆಯಿದ್ದರೆ ಅದನ್ನೇ ಹಿಡಿಯಿರಿ, ಇಲ್ಲದಿದ್ದರೆ ನಿಮ್ಮದೇ 32 ಬೈಟ್‌ನ ತಲೆಬರಹವೂ ನಡೆಯುತ್ತದೆ.

ಇದರ ಜೊತೆಗೇ ಎನ್‌ಸಿಒಗಳ ಫೇಸ್. ಒಂದು ಆವರ್ತನದಿಂದ ಇನ್ನೊಂದಕ್ಕೆ ಹಾರಿ ವಾಪಸ್ ಬಂದಾಗ ಫೇಸ್ ಎಲ್ಲಿರಬೇಕೋ ಅಲ್ಲಿಯೇ ಇರಬೇಕು. ಅಕ್ಯುಮ್ಯುಲೇಟರ್ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿದರೆ ಕಂತುಗಳ ನಡುವೆ ಫೇಸ್‌ನ ನಂಟು ಹೋಗುತ್ತದೆ. ಕಾಲದ ಮುದ್ರೆಯನ್ನು ಆವರ್ತನದಿಂದ ಗುಣಿಸಿ ಆರಂಭದ ಫೇಸನ್ನು ಹೊಸದಾಗಿ ತುಂಬುವುದು ಸರಿಯಾದ ದಾರಿ. ಎರಡು ಆರ್‌ಎಫ್‌ಎಸ್‌ಒಸಿಗಳಿರುವುದರಿಂದ ಇಬ್ಬರ ಗಡಿಯಾರವೂ ಒಂದೇ ಸಿಸ್‌ರೆಫ್ (ಎಲ್ಲ ಚಿಪ್‌ಗಳನ್ನು ಹೊಂದಿಸುವ ಸಂಕೇತ) ಅಂಚಿಗೆ ಹೊಂದಬೇಕು, ಪ್ರತಿ ಸಲ ಪವರ್ ಹಾಕಿದಾಗಲೂ ವಿಳಂಬ ಅಷ್ಟೇ ಇರಬೇಕು. ಎಡಿಸಿ ಬೇರೆ ಚಿಪ್ ಆಗಿದ್ದು ಜೆಇಎಸ್‌ಡಿ204ಬಿ ಎಂಬ ಸೀರಿಯಲ್ ಕೊಂಡಿಯ ಮೂಲಕ ಬರುತ್ತಿದ್ದರೆ ಸಬ್‌ಕ್ಲಾಸ್ 1 ಬಳಸುವುದು ಇದೇ ಕಾರಣಕ್ಕೆ. ಬೀಮ್ ತಿರುಗಿಸುವ ಎಲ್ಲ ಗಣಿತವೂ ಈ ಒಂದು ಹೊಂದಾಣಿಕೆಯ ಮೇಲೆ ನಿಂತಿದೆ.

ಜಿಪಿಯು ಪಕ್ಷದವರಿಗೂ ಅವರ ಪಾಲು ಇದೆ, ಸಣ್ಣದೇನಲ್ಲ. ನೆಲದ ಚಿತ್ರವನ್ನು ಬ್ಯಾಕ್‌ಪ್ರೊಜೆಕ್ಷನ್‌ನಿಂದ ಕಟ್ಟುವುದಾದರೆ 4096ಕ್ಕೆ 4096 ಪಿಕ್ಸೆಲ್‌ನ ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ಗೂ 4096 ಪಲ್ಸ್‌ಗಳ ಕಾಣಿಕೆ ಕೂಡಿಸಬೇಕು. ಸುಮಾರು 6,870 ಕೋಟಿ ಕೂಡಿಕೆಗಳು, ತಲಾ 20 ಗಣಿತಕ್ರಿಯೆ ಹಿಡಿದರೆ 1.4 ಲಕ್ಷ ಕೋಟಿ. ಡೇಟಾ ಸೇರಲು 2 ಸೆಕೆಂಡ್ ಬೇಕು, ಅಷ್ಟರಲ್ಲಿ ಹಿಂದಿನ ಚಿತ್ರ ಮುಗಿದರೆ ಸಾಕು. ಯಾವ ಕ್ಷಣದಲ್ಲಿ ಮುಗಿಯುತ್ತದೆ ಎಂಬುದಕ್ಕೆ ಮೈಕ್ರೋಸೆಕೆಂಡಿನ ಕಟ್ಟುನಿಟ್ಟಿಲ್ಲ, ಫ್ಲೋಟಿಂಗ್ ಪಾಯಿಂಟ್ ಬೇಕು, ಅಲ್ಗಾರಿದಮ್ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಇದಕ್ಕೆ ಜಿಪಿಯುವಿಗಿಂತ ಒಳ್ಳೆಯದು ಕಾಣೆ.

ನೆಲದ ಗದ್ದಲದಲ್ಲಿ ನಿಧಾನವಾಗಿ ಚಲಿಸುವ ಗುರಿ ಹುಡುಕುವ ಸ್ಟ್ಯಾಪ್ ಸಂಸ್ಕರಣೆಯೂ ಹಾಗೆಯೇ. 16 ಚಾನೆಲ್, ಪಕ್ಕಪಕ್ಕದ 3 ಡಾಪ್ಲರ್ ಕೋಶಗಳನ್ನು ಸೇರಿಸಿ 48 ಅಜ್ಞಾತಗಳು. ರೀಡ್, ಮ್ಯಾಲೆಟ್, ಬ್ರೆನನ್ 1974ರಲ್ಲಿ ತೋರಿಸಿದಂತೆ ನಷ್ಟ 3 ಡೆಸಿಬೆಲ್ ಒಳಗಿರಬೇಕಾದರೆ ಅದರ ಎರಡು ಪಟ್ಟು, 96 ಮಾದರಿಗಳು ಬೇಕು. 1250 ದೂರಕೋಶಗಳನ್ನು 10 ತುಂಡು ಮಾಡಿದರೆ ತಲಾ 125 ಸಿಗುತ್ತವೆ, ಸಾಕು. 64 ಡಾಪ್ಲರ್ ಕೋಶ, 10 ತುಂಡು: ಪ್ರತಿ 6.4 ಮಿಲಿಸೆಕೆಂಡಿಗೆ 640 ಕ್ಯೂಆರ್ ವಿಭಜನೆಗಳು (ಅಜ್ಞಾತಗಳನ್ನು ಬಿಡಿಸಲು ಮ್ಯಾಟ್ರಿಕ್ಸನ್ನು ಒಡೆಯುವುದು). ಸೆಕೆಂಡಿಗೆ ಸುಮಾರು 150 ಗಿಗಾಫ್ಲಾಪ್ಸ್. ಎಫ್‌ಪಿಜಿಎಯಲ್ಲಿ ಆ ವಿಭಜನೆಗೆ ಬೇಕಾದ ಗಿವನ್ಸ್ ತಿರುಗಿಸುವಿಕೆಯನ್ನು ಕಾರ್ಡಿಕ್ ಎಂಬ ಶಿಫ್ಟ್-ಕೂಡಿಕೆಯ ವಿಧಾನದಿಂದ ಮಾಡುವ ಸುಂದರ ರಚನೆಗಳಿವೆ, ನನಗೆ ಅವು ಇಷ್ಟವೂ ಹೌದು. ಆದರೂ 640 ಸಣ್ಣ ಮ್ಯಾಟ್ರಿಕ್ಸ್‌ಗಳನ್ನು ಒಟ್ಟಿಗೆ ಜಿಪಿಯುಗೆ ಕೊಟ್ಟು ಮೊದಲ ಆವೃತ್ತಿ ಮುಗಿಸಿ ಎಂದೇ ಹೇಳುತ್ತೇನೆ. ಈ ಮೋಡ್‌ಗೆ ಮಾತ್ರ ಬೀಮ್‌ಫಾರ್ಮಿಂಗ್ ಬಿಟ್ಟು ಎಲ್ಲ 16 ಚಾನೆಲ್‌ಗಳನ್ನೂ ಹೊರಗೆ ಕಳಿಸಬೇಕಾಗುತ್ತದೆ. ಸೆಕೆಂಡಿಗೆ 800 ಮೆಗಾಬೈಟ್ ತಾನೇ, 100 ಗಿಗಾಬಿಟ್ ಈಥರ್ನೆಟ್‌ನ ಒಂದು ಮೂಲೆಯಲ್ಲಿ ಹೋಗುತ್ತದೆ.

ಬಿಡಿ ಡಿಎಸ್‌ಪಿ (ಸಿಗ್ನಲ್ ಸಂಸ್ಕರಣೆಗೆಂದೇ ಮಾಡಿದ ಪ್ರೊಸೆಸರ್) ಚಿಪ್‌ಗಳ ಬಗ್ಗೆ ನೀವು ಕೇಳಿಲ್ಲ, ಕೇಳದಿದ್ದುದೂ ಸರಿಯೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್320 ವಂಶ ಈಗ 77 ಗಿಗಾಹರ್ಟ್ಸ್‌ನ ವಾಹನ ರೇಡಾರ್ ಚಿಪ್‌ಗಳ ಒಳಗೆ ಕುಳಿತು ಚೆನ್ನಾಗಿ ಬಾಳುತ್ತಿದೆ, ನಿಮ್ಮ ಅಳತೆಯ ವ್ಯವಸ್ಥೆಯಲ್ಲಿ ಅದಕ್ಕೆ ಜಾಗ ಉಳಿದಿಲ್ಲ.

ಪರೀಕ್ಷೆಯ ಬಗ್ಗೆ ಕೇಳಿದ್ದೀರಿ. ಎಡಿಸಿಯ ಪಕ್ಕದಲ್ಲೇ ಡಿಎಸಿ ಇದೆಯಲ್ಲ, ಅದನ್ನು ಕೇಬಲ್ ಮತ್ತು ಅಟೆನ್ಯುಯೇಟರ್ ಹಾಕಿ ತಿರುಗಿಸಿ ಎಡಿಸಿಗೇ ಜೋಡಿಸಿ. ಕಳಿಸಿದ ಪಲ್ಸನ್ನು ತಡಮಾಡಿ, ಡಾಪ್ಲರ್ ಸೇರಿಸಿ ಕೃತಕ ಗುರಿ ಹುಟ್ಟಿಸಿ. ಪ್ರತಿ ಮೋಡನ್ನು ಬೇರೆ ಬೇರೆಯಾಗಿ ನೋಡಿ ತೃಪ್ತರಾಗಬೇಡಿ, ತಪ್ಪುಗಳು ಅಡಗಿರುವುದು ಬದಲಾವಣೆಯಲ್ಲಿ. ಮೂರು ಮೋಡ್‌ಗಳಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ಆರು ದಾರಿಗಳಿವೆ, ಅಷ್ಟನ್ನೂ ಓಡಿಸಿ. ಈ ಪರೀಕ್ಷೆಗೆ ಕೇಬಲ್ ಬಿಟ್ಟು, ಮೊದಲೇ ದಾಖಲಿಸಿಟ್ಟ ಎಡಿಸಿ ಡೇಟಾವನ್ನು ಎಫ್‌ಪಿಜಿಎಯ ಬಾಗಿಲಲ್ಲಿ ಮತ್ತೆ ಊಡಿಸಿ, ಇಲ್ಲವಾದರೆ ನಾಯ್ಸ್ ಪ್ರತಿ ಸಲ ಬೇರೆ ಬಂದು ಹೋಲಿಕೆಯೇ ಆಗದು. ಒಂದೇ ದಾಖಲೆಯನ್ನು ಒಮ್ಮೆ ಅದೇ ಮೋಡ್‌ನಲ್ಲಿ ಬಹಳ ಹೊತ್ತು ಓಡಿದ ಮೇಲೆ ಕೊಡಿ, ಇನ್ನೊಮ್ಮೆ ಬೇರೆ ಮೋಡ್‌ನಿಂದ ಬಂದ ಕೂಡಲೇ ಮೊದಲ ಕಂತಾಗಿ ಕೊಡಿ. ಎರಡರ ಉತ್ತರವೂ ಬಿಟ್‌ಗೆ ಬಿಟ್ ಒಂದೇ ಬರಬೇಕು. ಕೊನೆಯ ಬಿಟ್ ಒಂದು ಬೇರೆ ಬಂದರೂ ಎಲ್ಲೋ ಒಂದು ಫಿಲ್ಟರ್ ಹಳೆಯ ಮೋಡ್‌ನ ಸ್ಯಾಂಪಲ್‌ಗಳನ್ನು ಇನ್ನೂ ಹೊಟ್ಟೆಯಲ್ಲಿಟ್ಟುಕೊಂಡಿದೆ ಎಂದೇ ತಿಳಿಯಿರಿ. ಮೊದಲು ಸಿಐಸಿಯ ಇಂಟಿಗ್ರೇಟರ್‌ಗಳು ಸೊನ್ನೆಯಾಗುತ್ತಿವೆಯೇ ಎಂದು ನೋಡಿ, ಆಮೇಲೆ ಎಫ್‌ಐಆರ್‌ನ ವಿಳಂಬ ಸಾಲನ್ನು.